ಬಾರಿನ ಗೋಡೆಗೆ ಇಬ್ಬರು ಸಾಕ್ಷಿ

ಸುಳ್ಳು ನನಗೆ ಹೊಸದಲ್ಲ. ಮೂವತ್ತು ವರ್ಷ ಪತ್ರಿಕೆಗೆ ಸುದ್ದಿ ಬರೆದವನು. ದಿನಕ್ಕೆ ಹತ್ತಾರು ಸುಳ್ಳು ಕೇಳಿ, ಸೋಸಿ, ಊಟ ಮಾಡಿ ನೆಮ್ಮದಿಯಾಗಿ ಮಲಗಿದವನು. ಆದರೆ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಸುಳ್ಳನ್ನು ಮಾತ್ರ ಸಹಿಸಲಾರೆ. ಪತ್ರಿಕೆಯ ಸುಳ್ಳು ಮರುದಿನ ಭಜಿ ಕಟ್ಟಲಿಕ್ಕಾದರೂ ಹೋಗುತ್ತದೆ. ಗೋಡೆಯದು ಮಳೆಗೂ ಹೋಗುವುದಿಲ್ಲ.

ಹುಮನಾಬಾದಿನ ನಮ್ಮ ಓಣಿಯ ತುದಿಗೆ ಒಂದು ಬಾರ್ ಇದೆ. ನಾನು ಅಲ್ಲಿಗೆ ಹೋಗುವುದು ಸುದ್ದಿಗಾಗಿ, ಕುಡಿಯುವುದು ಸೋಡಾ. ಹೆಂಡತಿ ಶಕುಂತಲೆಗೆ ಹಾಗೆಂದೇ ಹೇಳಿದ್ದೇನೆ, ನಿವೃತ್ತನಾದ ಮೇಲೂ. ನಾನು ತಿಳಿದಂತೆ ಅದು ಮೊದಲು ನರಸಪ್ಪನ ಸೇಂದಿ ಅಂಗಡಿ. ಜಗಳ ತೆಗೆದವನನ್ನು ನರಸಪ್ಪ ಒಂದು ವಾರ ಒಳಗೆ ಬಿಡುತ್ತಿರಲಿಲ್ಲವಂತೆ. ಆಮೇಲೆ ಅವನ ಅಳಿಯ ಗಡಿಗೆ ತೆಗೆದು ಬಾಟಲಿ ಇಟ್ಟ, ಫ್ಯಾನು ಹಾಕಿಸಿದ. ಈಗಿನ ಮಾಲೀಕ ಅಳಿಯನ ಮಗ ವಿಠ್ಠಲ. ಅವನು ನೆಲಕ್ಕೆ ಟೈಲ್ಸ್ ಹಾಕಿಸಿದ. ಟೈಲ್ಸ್ ಬಂದ ಮೇಲೆ ಅವನಿಗೆ ಇತಿಹಾಸವೂ ಬೇಕಾಯಿತು. ರಸ್ತೆ ಕಡೆಯ ಗೋಡೆಗೆ ಬರೆಸಿಯೇ ಬಿಟ್ಟ: 'ಚಾಲುಕ್ಯ ಸೈನಿಕರು ದಣಿವಾರಿಸಿಕೊಂಡ ಜಾಗ.'

ನಾನು ಕೆಂಡವಾದೆ. "ವಿಠ್ಠಲಾ, ಇದಕ್ಕ ಆಧಾರ ಏನದ?"

"ಕಲ್ಯಾಣ ಇಲ್ಲೇ ಬಾಜೂಕ ಅದ ಅಲ್ರಿ ಸಾಹೇಬ್ರ. ಸೈನಿಕರಿಗಿ ನೀರಡಿಕಿ ಆಗಂಗಿಲ್ಲೇನ್ರಿ?"

ಇತಿಹಾಸವೆಂದರೆ ನೀರಡಿಕೆಯೇ? ಅವನಿಗೆ ನಮ್ಮ ಸುದ್ದಿಮನೆಯ ಕಟ್ಟಳೆ ಹೇಳಿದೆ: ಒಂದೇ ಮಾತನ್ನು ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಮಾತ್ರ ಅದು ಸುದ್ದಿ. ಅವನು ಒಪ್ಪಿದ. ನಾನೇ ವಿಚಾರಣೆಗೆ ಕೂತೆ. ಮೊದಲನೆಯ ಸಾಕ್ಷಿ ಕಲ್ಯಾಣದ ಬಸ್ಸು ಓಡಿಸಿ ನಿವೃತ್ತರಾದ ಗುಂಡಪ್ಪ ಕಾಕಾ. ಅಂಗಡಿ ಹಾಕಿದವನು ನರಸಪ್ಪನೇ ಎಂದರು. ಎರಡನೆಯವರು ಪಕ್ಕದ ಹುಡಗಿ ಗ್ರಾಮದ ಬೆಲ್ಲದ ವ್ಯಾಪಾರಿ ಮಾರುತಿ ಮಾಮಾ. "ನರಸಪ್ಪ ಏನ್ ಹಾಕ್ತಾನೋ, ಗೊರಕಿ ಹೊಡೀತಿದ್ದ! ಗಡಗಿ ಹೊತ್ತಾಕಿ, ಮಂದಿನ ಹೊರಗ ಹಾಕಾಕಿ ಅವನ ಹೆಂಡ್ತಿ" ಎಂದರು. ಮೊದಲ ಗಿರಾಕಿ ಯಾರು ಎಂದರೆ ಇಬ್ಬರೂ ತಮ್ಮ ಎದೆಯನ್ನೇ ತಟ್ಟಿಕೊಂಡರು. ಒಂದು ಮಾತೂ ಕೂಡಲಿಲ್ಲ, ಎಲ್ಲವನ್ನೂ ಹೊಡೆದುಹಾಕಿದೆ.

"ಪೇಂಟರ್ ಖಾಲಿ ಕುಂತಾನ್ರಿ," ಎಂದು ವಿಠ್ಠಲ ಗೋಗರೆದ. "ಸಾಕ್ಷಿ ಕೂಡಿದ್ದು ಏನರೆ ಸಿಕ್ಕರ ಬರಸ್ಲೇನ್ರಿ?"

"ಬೇಶಕ್ ಬರೆಸು," ಎಂದೆ, ಮತ್ತು ತಂಗಿಯ ಮೊಮ್ಮಗನ ತೊಟ್ಟಿಲಿಗೆಂದು ಬಸವಕಲ್ಯಾಣಕ್ಕೆ ಹೋದೆ.

ಎರಡು ದಿನ ಬಿಟ್ಟು ಬಂದರೆ ಚಾಲುಕ್ಯರು ಮಾಯ. ಅವರ ಜಾಗದಲ್ಲಿ ಗೇಣುದ್ದದ ಅಕ್ಷರ: 'ನಮ್ಮ ಪತ್ರಕರ್ತ ಸಾಹೇಬರು ದಿನಾ ಸಂಜೆ ಏಳಕ್ಕೆ ಬಂದು, ಫ್ಯಾನಿನ ಕೆಳಗೆ ಕೂತು, ಎರಡು ಪೆಗ್ ಮುಗಿಸಿ ಏಳುವ ಜಾಗ.'

"ಅಳಿಸೋ!" ಎಂದು ಕೂಗಿದೆ.

"ಪಕ್ಕಾ ಅದರೀ. ಇಬ್ಬರಲ್ಲ, ಹನ್ನೊಂದು ಮಂದಿ ಹೇಳ್ಯಾರ. ಒಬ್ಬೊಬ್ಬರನ್ನ ಬ್ಯಾರೆ ಕರದು ಕೇಳೀನಿ. ಸುಳ್ಳ ಅದ ಅಂತ ನೀವು ಬರದು ಕೊಡ್ರಿ, ಈಗೇ ಅಳಸ್ತೀನಿ."

ಮೂವತ್ತು ವರ್ಷದಲ್ಲಿ ಸುಳ್ಳಿಗೆ ಸಹಿ ಹಾಕದ ಕೈ ಇದು. ಏಳಲಿಲ್ಲ. ಎಷ್ಟು ಸಿಟ್ಟು ಬಂದಿತ್ತೆಂದರೆ, ಹೋಗಿ ಫ್ಯಾನಿನ ಕೆಳಗೆ ಕೂತೆ.

ಮನೆಗೆ ಬಂದಾಗ ಶಕುಂತಲೆ ಬಾಜಾರದಿಂದ ತಂದ ಮೆಂತ್ಯೆ ಸೋಸುತ್ತಿದ್ದಳು. "ಗೋಡಿ ಓದಿ ಬಂದೆ," ಎಂದಳು, ತಲೆ ಎತ್ತದೆ.

"ಅದಕ್ಕೆಲ್ಲ ಆಧಾರ ಇರೋದಿಲ್ಲ," ಎಂದೆ ತಣ್ಣಗೆ.

"ಹೌದ್ರಿ, ತಪ್ಪೇ ಅದ. ಎರಡು ಅಂತ ಬರದಾರ. ನನ್ನ ಸಾಕ್ಷಿ ಯಾರೂ ಕೇಳಲೇ ಇಲ್ಲ."

ಮರುದಿನ ಬೆಳಿಗ್ಗೆ ನಾನೇ ಪೇಂಟರನ ಏಣಿ ಹಿಡಿದು ನಿಂತು, ಚಾಲುಕ್ಯ ಸೈನಿಕರನ್ನು ಅಕ್ಷರಶಃ ಮರಳಿ ಬರೆಸಿದೆ. ಪಾಪ, ನಡೆದು ಬಂದವರು. ನೀರಡಿಕೆ ಆಗಿಯೇ ಇರುತ್ತದೆ.