ಬಿಸಿಲುಭಟನ ಮುಖವಾಡ ಮತ್ತು ನನ್ನ ವಿಮರ್ಶೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಬಳ್ಳಾರಿಯ ಒಂದು ದಿನಪತ್ರಿಕೆಯ ಭಾನುವಾರದ ಪುಟಕ್ಕೆ ಪುಸ್ತಕ ವಿಮರ್ಶೆ ಬರೆಯುತ್ತೇನೆ. ಕವನ ಸಂಕಲನವಿರಲಿ, ಸಂಶೋಧನಾ ಗ್ರಂಥವಿರಲಿ, ನನ್ನ ಕ್ರಮ ಒಂದೇ. ಮುನ್ನುಡಿ ಓದುವುದು, ಬೆನ್ನುಡಿ ಓದುವುದು, ನಡುವೆ ಎಲ್ಲಾದರೂ ಬೆರಳಿಟ್ಟು ಒಂದು ಪುಟ ಓದುವುದು. ಈ ಕ್ರಮದಿಂದ ಈವರೆಗೆ ಯಾವ ಲೇಖಕರಿಗೂ ಬೇಸರವಾಗಿಲ್ಲ. ಓದುಗರಂತೂ ಒಂದು ಮಾತು ಆಡಿದವರಲ್ಲ.

ಒಂದು ದಿನ ಸಂಪಾದಕರು ಫೋನ್ ಮಾಡಿದರು.

"ಆಚಾರ್ರೇ, ಈ ಸಲ ಕಾಮಿಕ್ಸ್ ಬಂದಾವ. ಸೂಪರ್ ಹೀರೋ, ಸಾಹಸ, ಆ ಥರದ್ದು. ನಿಮ್ಮ ಕೈಲೆ ಆಗ್ತೈತೇನು?"

"ಛಂದಸ್ಸು ಕಲಿಸಿದವ ಅದೀನ್ರೀ ನಾನು. ಚಿತ್ರದ ಪುಸ್ತಕ ಏನು ಮಹಾ?" ಎಂದೆ.

ಮರುದಿನ ಆ ಕಾಮಿಕ್ಸ್ ಬರೆದವಳೇ ಮನೆಗೆ ಬಂದಳು. ನೂರ್‌ಜಹಾನ್ ಅಂತ, ಸಿರುಗುಪ್ಪದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಕಥೆಯೂ ಅವಳದೇ, ಚಿತ್ರವೂ ಅವಳದೇ. ಚೀಲದಿಂದ ನಾಲ್ಕು ಪುಸ್ತಕ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಒಂದು, ಹೊಳೆದಂಡೆಯ ರಾರಾವಿ ಊರಿನಿಂದ ಹರಿಗೋಲಿನಲ್ಲಿ ಹೊರಡುವ ಮೂವರು ಹುಡುಗಿಯರ ಸಾಹಸ. ಉಳಿದ ಮೂರು 'ಬಿಸಿಲುಭಟ'ನ ಸಂಚಿಕೆಗಳು. ಬಿಸಿಲಿನಿಂದ ಶಕ್ತಿ ಪಡೆದು, ಧೂಳಾಸುರ ಎಂಬ ದುಷ್ಟನ ಜೊತೆ ಕುರುಗೋಡು ಗುಡ್ಡದ ಮೇಲೆ ಹೋರಾಡುವ ಮುಖವಾಡದ ವೀರ. ನಮ್ಮ ಜಿಲ್ಲೆಯಲ್ಲಿ ಅವನ ಶಕ್ತಿ ಕಡಿಮೆಯಾಗುವ ಸಂಭವವೇ ಇರಲಿಲ್ಲ.

"ಸಾಲಿ ಬಿಟ್ಟು ಬಂದು ದಿನಾ ಸಂಜಿಕ ಕುಂತು ಬರದೀನ್ರಿ ಸರ್," ಎಂದಳು. "ಇದು ಜನಕ್ಕ ಹಿಡಸಿದ್ರ ಮುಂದ ಬರೀತೀನಿ. ಇಲ್ಲಾಂದ್ರ ಬಣ್ಣದ ಡಬ್ಬಿ ಮುಚ್ಚಿ ಇಡೂದ. ಮೂರನೇ ಸಂಚಿಕಿ ಇನ್ನಾ ಯಾರಿಗೂ ತೋರಿಸಿಲ್ರಿ, ನಿಮಗ ಮಾತ್ರ. ಭಾನುವಾರ ಮಧ್ಯಾಹ್ನ ಕುರುಗೋಡದಾಗ ಬಿಸಿಲುಭಟನ ಮುಖವಾಡ ತೆಗಿಯೋ ಕಾರ್ಯಕ್ರಮ ಐತ್ರಿ. ನೀವ ಮುಖ್ಯ ಅತಿಥಿ. ಅಮ್ಮಾರನ್ನೂ ಕರ್ಕೊಂಡು ಬರ್ರಿ."

ಮುಖವಾಡ ತೆಗೆಯುವುದು ಎಂದರೆ ಪುಸ್ತಕ ಬಿಡುಗಡೆಗೆ ಅವಳು ಬಳಸಿದ ರೂಪಕ ಎಂದುಕೊಂಡೆ. ಸಾಹಿತ್ಯ ಓದಿದವರಿಗೆ ಈ ಕಾಯಿಲೆ ಇರುತ್ತದೆ.

ಆ ಸಂಜೆ ಓದಲು ಕೂತೆ. ಮುನ್ನುಡಿ ಇರಲಿಲ್ಲ. ಬೆನ್ನುಡಿಯೂ ಇರಲಿಲ್ಲ, ಬೆನ್ನ ಮೇಲೆ ಧೂಳಾಸುರ ಹಲ್ಲು ಕಿರಿಯುತ್ತಿದ್ದ. ವಿಮರ್ಶಕ ವೃತ್ತಿಯಲ್ಲಿ ಮೊದಲ ಬಾರಿಗೆ ಇಡೀ ಪುಸ್ತಕ ಓದಬೇಕಾದ ಪ್ರಸಂಗ ಒದಗಿತು. ಚಿತ್ರ ನೋಡುವುದು ಮಕ್ಕಳ ಕೆಲಸ, ನಮಗೇನಿದ್ದರೂ ಅಕ್ಷರ ಮುಖ್ಯ ಎಂದು ನಿರ್ಧರಿಸಿ, ಪ್ರತಿ ಪುಟದ ಎಡಗಡೆಯ ಚೌಕಗಳನ್ನು ಮೇಲಿನಿಂದ ಕೆಳಗೆ ಓದಿದೆ. ಆಮೇಲೆ ಬಲಗಡೆಯದನ್ನು ಮೇಲಿನಿಂದ ಕೆಳಗೆ ಓದಿದೆ. ಸಂಭಾಷಣೆ ವಿಚಿತ್ರವಾಗಿತ್ತು. ಒಬ್ಬ "ನಿನ್ನನ್ನು ಭಸ್ಮ ಮಾಡುತ್ತೇನೆ" ಎಂದರೆ ಇನ್ನೊಬ್ಬ "ಬಸ್ಸು ಎಷ್ಟು ಹೊತ್ತಿಗಿದೆ?" ಎನ್ನುತ್ತಿದ್ದ. ಇದು ಅಸಂಗತ ನಾಟಕದ ಪ್ರಭಾವ ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಮೂರನೇ ಸಂಚಿಕೆಯಲ್ಲಿ ನನಗೆ ರಹಸ್ಯ ಸಿಕ್ಕಿಬಿಟ್ಟಿತು. ಧೂಳಾಸುರ ಅಬ್ಬರಿಸಿ ಕೇಳುತ್ತಾನೆ: "ಹೇಳು, ಮುಖವಾಡದ ಹಿಂದೆ ಇರುವುದು ಯಾರು?" ಅದರ ಕೆಳಗಿನ ಚೌಕದಲ್ಲಿ ಉತ್ತರವಿತ್ತು: "ನಾನಪ್ಪ, ಮೊಸರಿನ ಗೌರಮ್ಮ."

ನನಗೆ ಮೈ ಜುಮ್ಮೆಂದಿತು. ಕಥೆಯಲ್ಲಿ ಬೀದಿಬೀದಿ ಸುತ್ತಿ ಮೊಸರು ಮಾರುವ ಮುದುಕಿಯೇ ಬಿಸಿಲುಭಟ. ಮುಂದಿನ ಪುಟಗಳನ್ನು ಬೇಗ ಬೇಗ ತಿರುವಿದೆ. ಕೊನೆಯ ಪುಟದಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಒಂದು ದೊಡ್ಡ ಚಿತ್ರ. ಮುದ್ರಣದವರು ಉಳಿದ ಜಾಗ ತುಂಬಿಸಿದ್ದಾರೆ ಎಂದು ಮುಚ್ಚಿಟ್ಟು ಪೆನ್ನು ಹಿಡಿದೆ.

"ಬಿಸಿಲು ದಹಿಸುವಂಥದ್ದು, ಮೊಸರು ತಣಿಸುವಂಥದ್ದು. ಈ ಎರಡು ತತ್ತ್ವಗಳ ಸಂಗಮವೇ ಗೌರಮ್ಮನೆಂಬ ಬಿಸಿಲುಭಟ" ಎಂದು ಬರೆದೆ. 'ಢಿಶುಂ', 'ಧಡಾರ್' ಪದಗಳಲ್ಲಿನ ಮಹಾಪ್ರಾಣಗಳ ಬಗ್ಗೆಯೂ ಒಂದು ಪ್ಯಾರಾ ಹಾಕಿದೆ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ನನ್ನ ಹೆಂಡತಿ ವನಜಾ ಪತ್ರಿಕೆ ಹಿಡಿದು ಬಂದಳು. ಸಂಪಾದಕರು ಪುಟದ ಅಗಲಕ್ಕೂ ತಲೆಬರಹ ಹಾಕಿದ್ದರು: 'ಬಿಸಿಲುಭಟ ಬೇರಾರೂ ಅಲ್ಲ, ಮೊಸರಿನ ಗೌರಮ್ಮ!'

"ಏನ್ರೀ ಇದು? ಕೊನೀ ಗುಟ್ಟನ್ನ ಊರಿಗೆಲ್ಲಾ ಹೇಳಿಬಿಟ್ಟೀರಲ್ಲ."

"ವಿಮರ್ಶೆ ಅಂದ್ರ ಒಳಗಿದ್ದದ್ದನ್ನ ಹೊರಗ ತರೂದು," ಎಂದೆ.

"ಪತ್ತೇದಾರಿ ಕಾದಂಬರಿ ಓದಾಕೀ ನಾನು. ಕೊಲೆಗಾರ ಯಾರು ಅಂತ ಮೊದಲ ಹೇಳಿದವ್ರನ್ನ ಜಲ್ಮದಾಗ ಮಾತಾಡ್ಸೂದಿಲ್ಲ. ಆ ಹುಡುಗಿ ಇವತ್ತ ಮುಖವಾಡ ತೆಗೀತೀನಿ ಅಂತ ಕರದಾಳ. ನೀವು ಮುಂಜಾನೇನ ತೆಗದು ಕೈಯಾಗ ಕೊಟ್ಟೀರಿ. ಇನ್ನ ಯಾರು ಬರ್ತಾರ ನೋಡ್ಲಿಕ್ಕೆ?"

ಆಗ ನನಗೆ ತಿಳಿಯಿತು, ಅದು ರೂಪಕವಾಗಿರಲಿಲ್ಲ. ಬಣ್ಣದ ಡಬ್ಬಿ ಮುಚ್ಚಿ ಇಡುವ ಮಾತು ನೆನಪಾಯಿತು.

ಸಂಪಾದಕರಿಗೆ ಫೋನ್ ಮಾಡಿ, ಹೇಗಾದರೂ ಮಾಡಿ ಆ ಪುಟ ತಡೆಯಿರಿ ಎಂದೆ.

"ಆಚಾರ್ರೇ, ಪೇಪರ್ ಹಾಲಿನ ಪಾಕೀಟಿನ ಜತಿಗೇ ಮನಿಮನಿಗೆ ಹೋಗೇತಿ. ಈಗ ಏನ್ ತಡೀಲಿ?" ಎಂದು ಅವರು ಫೋನ್ ಇಟ್ಟರು.

ಬಳ್ಳಾರಿ ಕೈತಪ್ಪಿತು, ಕುರುಗೋಡನ್ನಾದರೂ ಉಳಿಸೋಣ ಎಂದು ವನಜಾಳ ಜೊತೆ ಬೇಗನೆ ಬಸ್ ಹತ್ತಿದೆ. ಇಳಿದವನೇ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಹೋಗಿ, ನಮ್ಮ ಪತ್ರಿಕೆಯ ಪ್ರತಿಗಳನ್ನೆಲ್ಲ ಕೊಡು ಎಂದೆ.

"ಎಲ್ಲಾನೂ? ಏನ್ ಬಂದೈತ್ರಿ ಇದರಾಗ?" ಎಂದ ಅಂಗಡಿಯವ.

"ಏನೂ ಬಂದಿಲ್ಲಪ್ಪ."

"ಏನೂ ಬರದಿದ್ದದ್ದನ್ನ ಯಾರೂ ಇಷ್ಟು ತಗಳಂಗಿಲ್ರಿ," ಎಂದು ಅವನು ಒಂದನ್ನು ಬಿಡಿಸಿ, ನನ್ನ ಫೋಟೋ ಕಂಡು, ನನ್ನನ್ನು ಕಂಡು, ತಲೆಬರಹವನ್ನು ಜೋರಾಗಿ ಓದಿದ. ಸಿರುಗುಪ್ಪ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಹತ್ತಿರ ಬಂದರು. ನೋಡನೋಡುತ್ತ ಪ್ರತಿಗಳೆಲ್ಲ ಖರ್ಚಾದವು. ನನಗೆ ಒಂದೂ ಸಿಗಲಿಲ್ಲ.

ಪಕ್ಕದ ಹೋಟೆಲಿನಲ್ಲಿ ಹೋಗಿ ಕೂತೆವು. ವನಜಾ ಮಂಡಕ್ಕಿ ಒಗ್ಗರಣೆ ಮಿರ್ಚಿ ಹೇಳಿದಳು. ಎದುರಿನ ಬೆಂಚಿನಲ್ಲಿ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಅದೇ ಪುಟವನ್ನು ಹಿಡಿದಿದ್ದರು.

"ಯಜಮಾನ್ರೇ, ಆ ಹಾಳಿ ಸ್ವಲ್ಪ ಕೊಡ್ತೀರೇನು?" ಎಂದು ಕೈ ಚಾಚಿದೆ.

"ತಗೋರಿ. ನನ್ನ ಚಸ್ಮಾ ಮನ್ಯಾಗ ಉಳದೈತಿ. ನೀವ ಓದಿ ಹೇಳ್ರಿ, ಎಲ್ಲಾರೂ ಕೇಳ್ತೀವಿ."

ಬರೆದ ಕರ್ಮವನ್ನು ಓದಿಯೇ ತೀರಿಸಬೇಕಾಯಿತು. ತಲೆಬರಹ ಬಿಟ್ಟೆ. ಗೌರಮ್ಮ ಎಂದಿದ್ದಲ್ಲೆಲ್ಲ ಕೆಮ್ಮಿದೆ. ಎರಡನೇ ಕೆಮ್ಮಿಗೆ, ಬೆನ್ನ ಹಿಂದೆ ನಿಂತು ಇಣುಕುತ್ತಿದ್ದ ಹೋಟೆಲ್ ಮಾಲೀಕ ಬೆರಳಿಟ್ಟು ತೋರಿಸಿದ.

"ಸರ್ರ, ಇಲ್ಲೊಂದು ಹೆಸರು ಬಿಟ್ರಿ ನೋಡ್ರಿ. ಮೊಸರಿನ ಗೌರಮ್ಮ ಅಂತ ಐತಿ."

"ನಮ್ಮ ವಯಸ್ಸಿನಾಕೀನ ಹಂಗಾರ," ಎಂದು ಹಿರಿಯರು ಮೆಚ್ಚುಗೆಯಿಂದ ತಲೆಯಾಡಿಸಿದರು. "ನಡ್ರಿ, ಹೋಗಿ ನೋಡೂಣು."

ಇಷ್ಟು ವರ್ಷದಲ್ಲಿ ನನ್ನ ವಿಮರ್ಶೆಯನ್ನು ಇಷ್ಟು ಜನ ಓದಿದ್ದು ಇದೇ ಮೊದಲು. ಅದೂ ನಾನು ಬೇಡವೆಂದ ದಿನ.

ಕಾರ್ಯಕ್ರಮವಿದ್ದ ಸಭಾಂಗಣದ ಬಾಗಿಲಲ್ಲಿ ನೂರ್‌ಜಹಾನ್ ನಿಂತಿದ್ದಳು. ಒಳಗೆ ಕೂರಲು ಜಾಗವಿರಲಿಲ್ಲ. ಇವರೆಲ್ಲ ನನ್ನನ್ನು ಬೈಯಲು ಬಂದವರು ಎಂದೇ ತಿಳಿದೆ. ಮಗಳ ವಯಸ್ಸಿನ ಹುಡುಗಿಯ ಮುಂದೆ ಕೈ ಜೋಡಿಸಿದೆ.

"ತಪ್ಪಾತಮ್ಮ. ನಿನ್ನ ಶ್ರಮಾನೆಲ್ಲ ಹಾಳು ಮಾಡಿಬಿಟ್ಟೆ. ಗುಟ್ಟು ಬರದುಬಿಟ್ಟೆ."

ಅವಳು ದುಪಟ್ಟಾದ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಸರ್, ಮುಂಜಾನಿ 'ಬಿಸಿಲುಭಟ ಬೇರಾರೂ ಅಲ್ಲ' ಅಂತ ಓದಿದಾಗ ನನ್ನ ಎದಿ ಧಸಕ್ಕಂತ್ರಿ. ಮುಂದಿನ ಹೆಸರು ಓದಿದ ಮ್ಯಾಲೆ ಜೀವ ಬಂತು. ಗೌರಮ್ಮ ಅಲ್ರಿ ಸರ್."

"ಅಲ್ಲಾ?"

"ಅಲ್ರಿ."

ತಪ್ಪು ಎಂದು ಹೇಳಿಸಿಕೊಂಡು ಇಷ್ಟು ಹಗುರಾದದ್ದು ನನಗೆ ನೆನಪಿಲ್ಲ. ಬೆವರು ಒರೆಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವಳು ಸಂಚಿಕೆ ಬಿಡಿಸಿ, ಚೌಕಗಳನ್ನು ಎಡದಿಂದ ಬಲಕ್ಕೆ, ಒಂದೊಂದೇ ಸಾಲಾಗಿ ಓದಬೇಕೆಂದು ಬೆರಳು ಸರಿಸಿ ತೋರಿಸಿದಳು. ಧೂಳಾಸುರನ ಪ್ರಶ್ನೆಗೆ ಉತ್ತರ ಪಕ್ಕದ ಚೌಕದಲ್ಲಿತ್ತು: "ಕಾಲ ಬಂದಾಗ ಹೇಳುವೆ." ಕೆಳಗಿನ ಚೌಕದ ಗೌರಮ್ಮ ಬೇರೆ ಯಾರದೋ ಮನೆಯ ಬಾಗಿಲು ತಟ್ಟುತ್ತಿದ್ದಳು.

"ಹಂಗಾದ್ರ ಈ ಗೌರಮ್ಮ ಯಾಕ ಬರ್ತಾಳಮ್ಮ ಕಥಿಯಾಗ?"

"ಮೊಸರು ಹಾಕಾಕ್ರಿ."

ನಿಜವಾದ ಗುಟ್ಟು ಆ ಅಕ್ಷರವಿಲ್ಲದ ಕೊನೆಯ ಪುಟದಲ್ಲಿತ್ತು. ವೇದಿಕೆಯ ಮೇಲೆ ಅದೇ ಚಿತ್ರವನ್ನು ದೊಡ್ಡದಾಗಿ ಬರೆದು ಬಟ್ಟೆ ಮುಚ್ಚಿದ್ದರು. ಬಟ್ಟೆ ಎಳೆದಾಗ ಸಭೆಯಿಂದ ಎದ್ದ ಉದ್ಗಾರ ಈಗಲೂ ನನ್ನ ಕಿವಿಯಲ್ಲಿದೆ. ಪಟಗದ ಹಿರಿಯರು ಎದ್ದು ನಿಂತು, "ಗೌರಮ್ಮ ಅಲ್ಲೋ ಮಾರಾಯಾ," ಎಂದು ಚಪ್ಪಾಳೆ ಹೊಡೆದರು. ಮುಖವಾಡದ ಹಿಂದೆ ಇದ್ದವರು ಯಾರೆಂದು ನಾನಿಲ್ಲಿ ಬರೆಯುವುದಿಲ್ಲ.

ನೂರ್‌ಜಹಾನ್ ಮೈಕ್ ಹಿಡಿದು, "ಗುಟ್ಟು ಉಳಸಾಕಂತ ಸರ್ ಬೇಕಂತ್ಲೇ ಹಂಗ ಬರದಾರ," ಎಂದು ನನ್ನ ಮಾನ ಕಾಪಾಡಿದಳು. ಸಭೆ ಮತ್ತೊಮ್ಮೆ ಚಪ್ಪಾಳೆ ತಟ್ಟಿತು. ನಾನು ಗಂಭೀರವಾಗಿ ಕೈ ಮುಗಿದೆ. ವನಜಾ ಮಾತ್ರ ಛಾವಣಿಯ ಫ್ಯಾನ್ ನೋಡುತ್ತ ಕೂತಿದ್ದಳು. ತಂದ ಪುಸ್ತಕಗಳೆಲ್ಲ ಅಲ್ಲೇ ಖಾಲಿಯಾದವು.

ಹೊರಡುವಾಗ ನೂರ್‌ಜಹಾನ್ ನಮ್ಮನ್ನು ಬಸ್ಸಿನವರೆಗೂ ಕಳಿಸಲು ಬಂದಳು.

"ಸರ್, ಮುಂದಿನ ಕಥಿ ಸುರು ಮಾಡ್ತೀನ್ರಿ. ಅದನ್ನೂ ಎಲ್ಲಾರಕಿಂತ ಮೊದಲ ನಿಮಗ ಕೊಡ್ತೀನಿ."

ನನ್ನ ಎದೆ ಸ್ವಲ್ಪ ಉಬ್ಬಿತು. "ಇಷ್ಟಾದ ಮ್ಯಾಲೂ ನನ್ನ ಮ್ಯಾಲೆ ನಂಬಿಕಿ ಅದ ಏನಮ್ಮ?"

"ಪೂರಾ ಐತ್ರಿ," ಎಂದಳು ಆಕೆ ಮನಸಾರೆ. "ಗುಟ್ಟು ನಿಮ್ಮ ಕೈಯಾಗ ಇದ್ರ ನನಗ ಚಿಂತಿಲ್ರಿ ಸರ್. ನಿಮಗ ಗೊತ್ತ ಆಗಂಗಿಲ್ಲ."