ಭಾವನಿಗೆ ಆಗದ ನಕ್ಷತ್ರ

ಜಾತಕದಲ್ಲಿ ನಂಬಿಕೆಯಿಲ್ಲ ಎಂದು ಹೇಳಿಕೊಳ್ಳುವುದು ಬಹಳ ಸುಲಭ, ಅಪಾಯ ಬೇರೆಯವರಿಗೆ ಇರುವ ತನಕ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಈ ಮಾತನ್ನು ಎಷ್ಟೋ ಮದುವೆಮನೆಗಳಲ್ಲಿ, ಎಲೆಯ ಮುಂದೆ ಕೂತು, ಇನ್ನಷ್ಟು ಪಾಯಸ ಹಾಕಿಸಿಕೊಳ್ಳುತ್ತಾ ಹೇಳಿದ್ದೇನೆ. ನನ್ನ ತಮ್ಮ ರಘು ಮೆಚ್ಚಿದ ಹುಡುಗಿ ವಿನುತಾಳ ಜಾತಕ ನಮ್ಮ ಲಕ್ಷ್ಮೀಪುರಂ ಮನೆಗೆ ಬಂದ ದಿನ ಮಾತ್ರ ವಿಷಯ ನನ್ನ ಬುಡಕ್ಕೇ ಬಂತು. ಹುಡುಗಿಯದು ಜ್ಯೇಷ್ಠಾ ನಕ್ಷತ್ರ. ಜ್ಯೇಷ್ಠಾ ನಕ್ಷತ್ರದ ಹೆಣ್ಣು ಗಂಡನ ಅಣ್ಣನಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ರಘುವಿಗೆ ಇರುವ ಅಣ್ಣ ನಾನೊಬ್ಬನೇ.

"ಹುಡುಗಿ ಲಕ್ಷಣವಾಗಿದಾಳೆ ಕಣೋ. ಆದ್ರೆ ನಿನ್ನ ಜೀವಕ್ಕೆ ಏನಾದ್ರೂ ಆದ್ರೆ?" ಎಂದು ಅಮ್ಮ ಜಾತಕ ಮಡಚಿಟ್ಟಳು. ರಘು ಊಟ ಬಿಟ್ಟ. ನನ್ನ ಹೆಂಡತಿ, "ಇವರಿಗೆ ಏನೂ ಆಗಲ್ಲ ಬಿಡಿ ಅತ್ತೆ, ಗುಂಡುಕಲ್ಲಿನ ಹಾಗಿದಾರೆ" ಎಂದಳು. ಅವಳು ಅಷ್ಟು ಬೇಗ ಒಪ್ಪಬಾರದಿತ್ತು ಎಂದು ನನಗನ್ನಿಸಿತು.

ತಮ್ಮನ ಮುಖ ನೋಡಲಾಗದೆ, ಮುಸ್ಸಂಜೆಗೆ ಅಮ್ಮನನ್ನು ತಾರಸಿಗೆ ಕರೆದುಕೊಂಡು ಹೋದೆ. ಚಾಮುಂಡಿಬೆಟ್ಟದ ದೀಪಗಳ ಮೇಲೆ ಕೆಂಪಗೆ ಮಿನುಗುತ್ತಿದ್ದ ಚುಕ್ಕಿ ತೋರಿಸಿದೆ.

"ಅದೇ ಜ್ಯೇಷ್ಠಾ. ಗ್ರೀಕರು ಅದಕ್ಕೆ ಆಂಟಾರಿಸ್ ಅಂತ ಹೆಸರಿಟ್ರು. ಅವರ ಯುದ್ಧದೇವರು ಏರಿಸ್, ಅಂದ್ರೆ ನಮ್ಮ ಮಂಗಳ ಗ್ರಹ. ಮಹಾ ಜಗಳಗಂಟ, ಹೆತ್ತ ಅಪ್ಪನಿಗೇ ಅವನನ್ನ ಕಂಡ್ರೆ ಆಗ್ತಿರಲಿಲ್ಲ."

"ನಿಮ್ಮ ದೊಡ್ಡಪ್ಪನ ಥರ" ಎಂದಳು ಅಮ್ಮ.

"ಈ ಚುಕ್ಕಿನೂ ಮಂಗಳನಷ್ಟೇ ಕೆಂಪು. ಅದಕ್ಕೇ ಏರಿಸನ ಎದುರಾಳಿ ಅನ್ನೋ ಹೆಸರು. ಅಷ್ಟೇ ಕಣಮ್ಮ. ಎಲ್ಲೋ ದೂರದಲ್ಲಿ ಉರೀತಿರೋದು ನನ್ನನ್ಯಾಕೆ ಹುಡುಕ್ಕೊಂಡು ಬರುತ್ತೆ?"

ಅಮ್ಮ ಚುಕ್ಕಿಯನ್ನೇ ನೋಡುತ್ತಾ ನಿಂತಳು. "ಮಂಗಳನಿಗೇ ಎದುರಾಳಿ ಅಂತೀಯ. ನಮ್ಮ ರಘುಗೆ ಕುಜದೋಷ ಇದೆಯಲ್ಲೋ. ಇವಳು ಬಂದ್ರೆ ಅದು ಬಾಲ ಮುದುರ್ಕೊಂಡು ಕೂತ್ಕೊಳುತ್ತೆ. ಇದನ್ನ ಮೊದ್ಲೇ ಹೇಳಬಾರದಿತ್ತೇನೋ?"

ನಾನು ಬಾಯಿ ತೆರೆದೆ, ತಮ್ಮನನ್ನು ನೆನೆದು ಮುಚ್ಚಿದೆ. ಮದುವೆ ಸಾಂಗವಾಗಿ ನಡೆಯಿತು. ಅಮ್ಮನ ಪ್ರಚಾರದಿಂದ ನನ್ನ ಕೀರ್ತಿಯೂ ಹಬ್ಬಿತು. ಬನ್ನಿಮಂಟಪದ ಚಿಕ್ಕಮ್ಮ ಫೋನು ಮಾಡಿ, ಮಗಳ ಮೂಲಾ ನಕ್ಷತ್ರಕ್ಕೆ ಗ್ರೀಕರಲ್ಲಿ ಏನು ಪರಿಹಾರವಿದೆ ಎಂದು ವಿಚಾರಿಸಿದರು.

ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಬಿದ್ದಲ್ಲೇ ಕೂತಿದ್ದಾಗ ನನಗೆ ನೆನಪಾದದ್ದು ಜಾತಕ. ಬಹಳ ನಾಚಿಕೆಯಾಯಿತು. ಅಮ್ಮನಿಗೆ ಗೊತ್ತಾದರೆ ತಪ್ಪು ಆ ಹುಡುಗಿಯ ತಲೆಗೆ ಬರುತ್ತದೆಂದು, ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದು ಬಂದು ಪೇಪರ್ ಹಿಡಿದು ಕೂತೆ. ವಿನುತಾ ಕಾಫಿ ತಂದಳು. ಲೋಟದ ಪಕ್ಕದಲ್ಲಿ ನೋವಿನ ಮುಲಾಮು ಇಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು:

"ಅತ್ತೆಗೆ ಹೇಳಲ್ಲ ಭಾವ. ಅಲ್ಲಿ ಸೋಪಿನ ನೀರಿತ್ತು, ಅಷ್ಟೇ. ನೀವು ಹೆದರ್ಕೋಬೇಡಿ."

ವಿಜ್ಞಾನದ ಮೇಷ್ಟ್ರಾದ ನನಗೆ ಆಗ ಧೈರ್ಯ ಬಂತು.