ಅತ್ತೆಯ ಕೆಮ್ಮಿನ ತನಿಖಾ ವರದಿ

ಒಬ್ಬರೇ ಹೇಳಿದ ಮಾತನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಅಚ್ಚಿಗೆ ಕಳಿಸಿಲ್ಲ. ಇನ್ನೊಬ್ಬರನ್ನು ಕೇಳು, ಮತ್ತೊಬ್ಬರನ್ನು ಕೇಳು, ಆಮೇಲೆ ಬರೆ ಎಂಬುದು ವರದಿಗಾರರ ಮೊದಲ ಪಾಠ. ಬಳ್ಳಾರಿಯಲ್ಲಿ ಈ ಶಿಸ್ತಿನಿಂದ ನನಗೆ ತಕ್ಕಮಟ್ಟಿಗೆ ಹೆಸರೂ ಬಂದಿದೆ. ಅದನ್ನು ಮನೆಯೊಳಗೆ ತಂದದ್ದೇ ತಪ್ಪಾಯಿತು.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ ಊರಮ್ಮ, ಸಿರಿಗೇರಿ ಊರಿನವರು. ಅವರ ಮಗ ಕರಿಬಸವನಿಗೆ ಹೆಣ್ಣು ಮಗು ಹುಟ್ಟಿತ್ತು. ಸೊಸೆಯ ತವರು ಕುರುಗೋಡಿನಲ್ಲಿ ತೊಟ್ಟಿಲ ಕಾರ್ಯ. ಮೊದಲ ಜೋಗುಳ ಅತ್ತೆಯದು ಎಂದು ಎರಡೂ ಮನೆಯವರು ಒಪ್ಪಿಯಾಗಿತ್ತು. ಅಷ್ಟರಲ್ಲಿ ಅತ್ತೆಗೆ ಒಣಕೆಮ್ಮು ಹಿಡಿಯಿತು. ಮೂರು ಮಾತಿಗೊಂದು ಕೆಮ್ಮು. ಜೋಗುಳದ ಒಂದು ಸಾಲನ್ನೂ ಪೂರ್ತಿ ಹಾಡಲು ಆಗುತ್ತಿರಲಿಲ್ಲ. ಕುರುಗೋಡಿನ ಬೀಗತಿ ನಾಗಲಕ್ಷ್ಮಿಯವರು ಫೋನ್ ಮಾಡಿ, ನೀವು ಆರಾಮ ಕೂತುಬಿಡಿ, ನಾನೇ ಹಾಡುತ್ತೇನೆ ಎಂದು ಬಹಳ ಪ್ರೀತಿಯಿಂದ ಹೇಳಿದರು. ಆ ಪ್ರೀತಿಗೆ ಅತ್ತೆಯ ಕೆಮ್ಮು ಇಮ್ಮಡಿಯಾಯಿತು.

ಕಾರ್ಯಕ್ಕೆ ಇಪ್ಪತ್ತೈದು ದಿನ ಇರುವಾಗ ಅತ್ತೆ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಆಗ ನಾನು ಪತ್ರಿಕೆಯಲ್ಲಿ ‘ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ’ ಎಂಬ ಭಾನುವಾರದ ಲೇಖನಮಾಲೆ ಬರೆಯುತ್ತಿದ್ದೆ. (ಅದರಿಂದ ನಾನು ಅರ್ಧ ಡಾಕ್ಟರ್ ಆಗಿದ್ದೆ ಎಂದು ಕೆಲವರು ಅನ್ನುತ್ತಾರೆ. ನನ್ನ ಅಂದಾಜಿನಲ್ಲಿ ಮುಕ್ಕಾಲು.)

ಮೊದಲ ದಿನದ ಊಟದಲ್ಲೇ ಅತ್ತೆ ಹೇಳಿಕೆ ಕೊಟ್ಟರು.

“ಈ ಕೆಮ್ಮು ಬಿಪಿ ಗುಳಿಗಿ ಬೆನ್ನತ್ತಿ ಬಂದೈತ್ರಿ ಅಳಿಯಂದ್ರ. ಗುಳಿಗಿ ಸುರು ಮಾಡಿ ಎಂಟು ದಿನಕ್ಕ ಇದು ಸುರುವಾತು.”

ನಾನು ರೊಟ್ಟಿ ಬದಿಗಿಟ್ಟು ವಿವರಿಸಿದೆ. ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆ, ಕರುಳು ದಾಟಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಟೋಲ್ ಗೇಟಿನ ಹಾಗೆ ಒಂದಿಷ್ಟು ಕಡಿತ. ಉಳಿದದ್ದು ರಕ್ತಕ್ಕೆ. ಪ್ರತಿ ಔಷಧಿಯೂ ಒಂದು ಕೀಲಿಕೈ. ದೇಹದಲ್ಲಿ ಅದಕ್ಕೆ ಹೊಂದುವ ಬೀಗವಿದ್ದ ಕಡೆ ಮಾತ್ರ ಅದರ ಆಟ. ಬಿಪಿ ಮಾತ್ರೆಯ ಬೀಗ ರಕ್ತನಾಳದ ವ್ಯವಹಾರದಲ್ಲಿದೆ. ಗಂಟಲಿನಲ್ಲಿ ಅದಕ್ಕೇನು ಕೆಲಸ?

ಅತ್ತೆ ಎರಡು ಸಲ ಕೆಮ್ಮಿ ಯೋಚಿಸಿದರು. “ರಕ್ತದಾಗ ಹೊಂಟಿದ್ದು ಮೈಯೆಲ್ಲಾ ತಿರುಗತೈತಿ ಹೌದಿಲ್ರಿ? ಅಷ್ಟು ತಿರುಗೋದು, ಗಂಟಲಿಗೊಮ್ಮಿ ಬಂದು ಹೋಗಾಕ ಅದಕ್ಕೇನು ಬ್ಯಾನಿ?”

ಹೆಂಡತಿ ಹೇಮಾ ನನ್ನ ತಾಟಿಗೆ ಪಲ್ಯ ಬಡಿಸುತ್ತಾ, “ನೀವೇ ಬರದೀರಲ್ರಿ, ಔಷಧಿಗೆ ವಿಳಾಸ ಗೊತ್ತಿರಂಗಿಲ್ಲ, ಅದು ಎಲ್ಲಾ ಓಣಿಗೂ ಹೋಗತೈತಿ ಅಂತ” ಎಂದಳು.

ಅದು ಶೈಲಿಗಾಗಿ ಬರೆದದ್ದು ಎಂದೆ. (ಇಡೀ ಮಾಲೆಯಲ್ಲಿ ನಿಖರವಾಗಿದ್ದ ವಾಕ್ಯ ಅದೊಂದೇ ಎಂದು ಆಮೇಲೆ ತಿಳಿಯಿತು.) ಅತ್ತೆಯದು ಒಬ್ಬರ ಹೇಳಿಕೆ, ಇನ್ನೂ ದೃಢಪಟ್ಟಿಲ್ಲ ಎಂದು ಘೋಷಿಸಿ ತನಿಖೆ ಆರಂಭಿಸಿದೆ.

ಶಂಕಿತರು ಐವರು: ಮೊಸರು, ಫ್ಯಾನ್, ಊದಿನಕಡ್ಡಿ, ರಸ್ತೆಯ ಧೂಳು, ಮಿರ್ಚಿ ಬಜ್ಜಿ. ಒಮ್ಮೆಗೆ ಒಂದನ್ನೇ ಬಿಡಿಸಿ ಎರಡು ದಿನ ನೋಡುವುದು. ಮೊಸರಿಲ್ಲದ ಎರಡು ದಿನ ಅತ್ತೆ ರೊಟ್ಟಿಯನ್ನು ಕಾಗದ ಅಗಿಯುವಂತೆ ಅಗಿದರು. ಬಳ್ಳಾರಿಯ ಏಪ್ರಿಲ್ಲಿನಲ್ಲಿ ಫ್ಯಾನ್ ಆರಿಸಿದಾಗ ಮೂವರೂ ಬೆವರಿದೆವು, ಕೆಮ್ಮಿದವರು ಅತ್ತೆ ಒಬ್ಬರೇ. ಊದಿನಕಡ್ಡಿ ನಿಂತಿತು, ಕೆಮ್ಮು ನಿಲ್ಲಲಿಲ್ಲ. ಧೂಳಿಗೆಂದು ಕಿಟಕಿಗಳನ್ನು ಮುಚ್ಚಿದ್ದರಿಂದ ಪಕ್ಕದ ಮನೆಯವರು ನಾವು ಊರಿಗೆ ಹೋಗಿದ್ದೇವೆಂದು ತಿಳಿದು ನಮ್ಮ ಹಾಲಿನ ಪಾಕೀಟು ಬಳಸಿಕೊಂಡರು. ನಡುವೆ ನಾನೇ ಮೆಡಿಕಲ್ ಶಾಪಿನಿಂದ ಕೆಮ್ಮಿನ ಸಿರಪ್ ತಂದೆ. ಅತ್ತೆ ಮಧ್ಯಾಹ್ನ ಕುಡಿದು ಸಂಜೆಯವರೆಗೆ ನಿದ್ದೆ ಮಾಡಿ, ಎದ್ದು, ಹೊಸ ಉತ್ಸಾಹದಿಂದ ಕೆಮ್ಮಿದರು.

“ನಿಮ್ಮ ಕೀಲಿಕೈ ಬ್ಯಾರೆ ಮನಿ ಬಾಗಿಲಾ ತಗದೈತಿ,” ಎಂದಳು ಹೇಮಾ.

ಕೊನೆಗೆ ಮಿರ್ಚಿಯ ಸರದಿ. ಸಂಜೆ ಮಂಡಕ್ಕಿ ಒಗ್ಗರಣಿಯ ತಾಟಿನಿಂದ ಮಿರ್ಚಿ ಎತ್ತಿಟ್ಟಾಗ ಅತ್ತೆಯ ತಾಳ್ಮೆ ತಪ್ಪಿತು. ಬಿಡಿಸುವುದೇ ಆದರೆ ಆ ಗುಳಿಗಿಯನ್ನೇ ಎರಡು ದಿನ ಬಿಟ್ಟು ನೋಡುತ್ತೇನೆ ಎಂದರು. ಬಿಪಿ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡಬಾರದು ಎಂದು ನಾನು ಖಡಾಖಂಡಿತವಾಗಿ ತಡೆದೆ. ಹಾಗಾದರೆ ಡಾಕ್ಟರನ್ನೇ ಕೇಳೋಣ ಎಂದಳು ಹೇಮಾ. ಹತ್ತು ದಿನಗಳಲ್ಲಿ ಈ ಸರಳ ವಿಚಾರ ನನ್ನ ಪಟ್ಟಿಗೆ ಬಂದಿರಲಿಲ್ಲ.

ಕೌಲ್ ಬಜಾರಿನ ಡಾಕ್ಟರ್ ಗೌತಮಿ ಚಿಕ್ಕ ವಯಸ್ಸಿನವರು. ನಾನು ನೋಟ್‌ಬುಕ್ ತೆರೆದು ವರದಿ ಮಂಡಿಸತೊಡಗಿದೆ. ಅವರು ಅರ್ಧ ಪುಟ ಕೇಳಿ ಅತ್ತೆಯ ಕಡೆ ತಿರುಗಿ, ಯಾವಾಗಿನಿಂದ ಕೆಮ್ಮು ಎಂದು ವಿಚಾರಿಸಿದರು. ಅತ್ತೆ ಮೊದಲ ದಿನದ ಹೇಳಿಕೆಯನ್ನೇ ಒಂದಕ್ಷರ ಬದಲಿಸದೆ ಒಪ್ಪಿಸಿದರು. ಡಾಕ್ಟರ್ ಮಾತ್ರೆಯ ಸ್ಟ್ರಿಪ್ ನೋಡಿದರು.

“ನಿಮ್ಮ ಮಾತು ಖರೆ ಐತಿ ಅಜ್ಜಿ. ಈ ಜಾತಿ ಗುಳಿಗಿಗೆ ಕೆಲವರಿಗೆ ಹಿಂಗ ಕೆಮ್ಮು ಬರತೈತಿ.”

ಅವರು ವಿವರಿಸಿದ್ದು ಇಷ್ಟು. ರಕ್ತನಾಳ ಬಿಗಿಯಾಗಲು ಕಾರಣನಾದ ಒಬ್ಬ ಕೆಲಸಗಾರನನ್ನು ಈ ಮಾತ್ರೆ ಸುಮ್ಮನೆ ಕೂರಿಸುತ್ತದೆ. ಬಿಪಿ ಇಳಿಯುತ್ತದೆ. ಆದರೆ ಶ್ವಾಸನಾಳದ ಒಂದು ಬಗೆಯ ಕಸ ಗುಡಿಸುತ್ತಿದ್ದವನೂ ಅವನೇ. ಅವನು ಕೂತ ಮೇಲೆ ಕಸ ಕೂಡಿಬಿದ್ದು ಕೆರೆಯುತ್ತದೆ, ಅದೇ ಕೆಮ್ಮು. ಬೇರೆ ಜಾತಿಯ ಮಾತ್ರೆ ಬರೆದುಕೊಟ್ಟರು. ಕೆಮ್ಮು ಪೂರ್ತಿ ಹೋಗಲು ಒಂದು ವಾರವೂ ಆಗಬಹುದು, ನಾಲ್ಕು ವಾರವೂ ಆಗಬಹುದು ಎಂದರು. ತೊಟ್ಟಿಲಿಗೆ ಉಳಿದದ್ದು ಹದಿನಾಲ್ಕು ದಿನ.

“ಹತ್ತು ದಿನ ಮೊದಲ ಬಂದಿದ್ರ ಚಲೋ ಇತ್ತು,” ಎಂದು ಡಾಕ್ಟರ್ ಸಹಜವಾಗಿ ಸೇರಿಸಿದರು.

ಮನೆ ಮುಟ್ಟುವವರೆಗೂ ಹೇಮಾ ಈ ಒಂದು ವಾಕ್ಯಕ್ಕೆ ಭಾಷ್ಯ ಬರೆದಳು. ಆಟೋದವನು ಎರಡು ಕಡೆ ಅವಳನ್ನು ಅನುಮೋದಿಸಿದ.

ಆಮೇಲೆ ನನ್ನ ನೋಟ್‌ಬುಕ್ ಕೆಮ್ಮಿನ ಲೆಕ್ಕಕ್ಕೆ ಮೀಸಲಾಯಿತು. ಮೊದಲ ದಿನ ನೂರಾ ಹನ್ನೆರಡು. ಐದನೇ ದಿನ ಎಪ್ಪತ್ತು. ಒಂಬತ್ತನೇ ದಿನ ಎಪ್ಪತ್ತೆರಡು. ಆ ದಿನ ನನಗೆ ಚಹಾ ಸಿಗಲಿಲ್ಲ. ಹನ್ನೆರಡಕ್ಕೆ ಹದಿನೈದು, ಹದಿಮೂರಕ್ಕೆ ಮೂರು. ಆ ಮೂರೂ ನಾಗಲಕ್ಷ್ಮಿಯವರ ಫೋನ್ ಬಂದಾಗಲೇ ಆದವು.

ಕುರುಗೋಡಿನ ಮನೆಯ ಪಡಸಾಲೆಯಲ್ಲಿ ನಲವತ್ತು ಹೆಂಗಸರು. ತೊಟ್ಟಿಲಿನ ಆ ಬದಿಗೆ ನಾಗಲಕ್ಷ್ಮಿಯವರು ಗಂಟಲು ಸರಿಮಾಡಿಕೊಂಡು ಸಿದ್ಧರಾಗಿದ್ದರು. ಅತ್ತೆ ಒಂದು ಗುಟುಕು ಬಿಸಿನೀರು ಕುಡಿದು ಹಗ್ಗ ಹಿಡಿದರು. ಹೇಮಾ ನನ್ನ ತೋಳು ಹಿಡಿದಳು, ಸ್ವಲ್ಪ ಉಗುರಿನಿಂದಲೇ. ಮೊದಲ ಸಾಲು ಸರಾಗವಾಗಿ ಬಂತು. ಎರಡನೆಯದು ಇನ್ನೂ ಸೊಗಸು. ಅತ್ತೆಯ ದನಿ ತಿಳಿಯಾಗಿ ತೊಲೆ ಮುಟ್ಟಿತು. ಹೇಮಾಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ, ಉಗುರಿನ ಪಾಲು ಕಳೆದ ಮೇಲೂ ಸ್ವಲ್ಪ ಉಳಿಯಿತು.

ದೇವರ ಹೆಸರು ಮುಗಿದ ಮೇಲೆ ಹಾಡುವವರು ಕೂಡಿದ ನೆಂಟರನ್ನು ಒಬ್ಬೊಬ್ಬರಾಗಿ ಪದ ಕಟ್ಟಿ ಕೆಣಕುವುದು ಅಲ್ಲಿನ ಪದ್ಧತಿ. ಅತ್ತೆ ನನ್ನನ್ನು ನೋಡಿ ನಕ್ಕು, ನನ್ನ ಹೆಸರನ್ನೇ ಪದಕ್ಕೆ ಕಟ್ಟಿದರು.

“ಮೊಸರ ಹಿಡಿದಾನ, ಫ್ಯಾನಿನ ಗಾಳಿ ಹಿಡಿದಾನ,
ಬಿಸಿಬಿಸಿ ಮಿರ್ಚಿ ಹಿಡಿದಾನ ಭೀಮರಾಜ,
ಹಸುಗೂಸೆ, ಗುಳಿಗಿ ಹಿಡೀಲಿಲ್ಲ, ಜೋ ಜೋ.”

ನಲವತ್ತು ಹೆಂಗಸರೂ ಜೋ ಜೋ ಎಂದರು. ನಾಗಲಕ್ಷ್ಮಿಯವರು ಸ್ಪರ್ಧೆ ಮರೆತು, ಇನ್ನೊಮ್ಮೆ ನಿಧಾನವಾಗಿ ಹಾಡಿ, ಕಲಿತುಕೊಳ್ಳುತ್ತೇನೆ ಎಂದರು. ಇಷ್ಟು ಗದ್ದಲದಲ್ಲೂ ಮಗು ನಿದ್ದೆ ಹೋಯಿತು.

ನನ್ನ ಲೇಖನಮಾಲೆಗೆ ಬಂದ ಓದುಗರ ಪತ್ರ ಎರಡು. ಹಾಡಿಗೆ ಮಾತ್ರ ಮರುವಾರವೇ ಹಚ್ಚೊಳ್ಳಿಯಿಂದ ಫೋನ್ ಬಂತು. ನಾಗಲಕ್ಷ್ಮಿಯವರಿಂದ ಹಾಡನ್ನೂ ನನ್ನ ನಂಬರನ್ನೂ ಪಡೆದಿದ್ದ, ಗುರುತಿಲ್ಲದ ಒಬ್ಬ ಹೆಂಗಸು ನಾನೇ ಆ ಭೀಮರಾಜನೋ ಎಂದು ಖಾತ್ರಿ ಮಾಡಿಕೊಂಡು, ತಮ್ಮ ಮನೆಯ ತೊಟ್ಟಿಲ ಕಾರ್ಯದಲ್ಲಿ ಆ ಪದ ಹಾಡಲು ಅಡ್ಡಿಯಿಲ್ಲ ತಾನೆ ಎಂದು ಕೇಳಿದರು. ಅಡ್ಡಿಯಿಲ್ಲ, ಆದರೆ ಅದರಲ್ಲಿ ಒಂದು ಲೋಪವಿದೆ, ಫ್ಯಾನಿನ ನಂತರ ಊದಿನಕಡ್ಡಿ, ಆಮೇಲೆ ಧೂಳು, ಅದಾದ ಮೇಲೆ ಮಿರ್ಚಿ ಎಂದು ನಾನು ತಿದ್ದಿದೆ.

ಆಕೆ ಎರಡು ಕ್ಷಣ ಗುನುಗಿ ನೋಡಿದರು.

“ಹಾಡಿಗೆ ಕೂಡಂಗಿಲ್ರಿ. ಊರಮ್ಮಾರು ಹೇಳಿದ್ದೇ ಬರೋಬ್ಬರಿ ಐತಿ.”